ಗಾಯಾಳು ಹತ್ತಬೇಕಾದ ಗಾಡಿ

ಜೂನ್ ತಿಂಗಳ ಎರಡನೇ ಮಂಗಳವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಕಾರ್ಖಾನೆಯ ಹಿಂದಿನ ಗೇಟು. ಹಾಜರಿದ್ದವರು ನಾಲ್ವರು: ಕಾರ್ಖಾನೆಯ ಡ್ರೈವರ್, ಗೇಟಿನ ಸೆಕ್ಯುರಿಟಿ, ಶೋರೂಮಿನಿಂದ ಗಾಡಿ ತಂದಿದ್ದವರೊಬ್ಬರು ಮತ್ತು ಪ್ರಥಮ ಚಿಕಿತ್ಸೆ ಕೋಣೆಯ ನರ್ಸ್ ಆದ ನಾನು. ಎಚ್.ಆರ್. ಮ್ಯಾನೇಜರ್ ಏಳಕ್ಕೆ ಸರಿಯಾಗಿ ಬರುತ್ತೇನೆ ಎಂದಿದ್ದರು. ಹತ್ತು ನಿಮಿಷ ನೋಡಿದೆ. ಆಮೇಲೆ ಸ್ಟಾಪ್‌ವಾಚ್ ಒತ್ತಿದೆ.

ನಮ್ಮದು ತಗಡು ಒತ್ತುವ ಕಾರ್ಖಾನೆ. ಹದಿನಾಲ್ಕು ಪವರ್ ಪ್ರೆಸ್‌ಗಳಿವೆ. ಇಲ್ಲಿ ಆಗುವ ದೊಡ್ಡ ಗಾಯಗಳು ಬಹುಪಾಲು ಕೈಗೆ. ಕತ್ತರಿಸಿದ ಬೆರಳನ್ನು ಮರಳಿ ಜೋಡಿಸುವ ಆಸ್ಪತ್ರೆ ತುಮಕೂರು ರಸ್ತೆ ದಾಟಿ, ಗೊರಗುಂಟೆಪಾಳ್ಯದ ಆಚೆಗಿದೆ. ಅಲ್ಲಿಗೆ ಎಷ್ಟು ಬೇಗ, ಯಾವ ಸ್ಥಿತಿಯಲ್ಲಿ ಮುಟ್ಟಿಸುತ್ತೇವೆ ಎಂಬುದರ ಮೇಲೆ ಬೆರಳು ಉಳಿಯುವುದೋ ಇಲ್ಲವೋ ನಿಂತಿದೆ. ನಮ್ಮ ಹಳೆಯ ವ್ಯಾನ್ ಆ ಮೇ ತಿಂಗಳಲ್ಲಿ ಪೂರ್ತಿ ಕೆಟ್ಟು ಕೂತಿತ್ತು. ಹೊಸ ಗಾಡಿ ಕೊಳ್ಳುವುದು ತೀರ್ಮಾನವಾಗಿತ್ತು. ಸಣ್ಣ ಕಾರೋ, ಸಣ್ಣ ಎಸ್‌ಯುವಿಯೋ ಎಂಬುದಷ್ಟೇ ಬಾಕಿ. ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯ ಆಡಿಟರ್ ಬಂದಾಗ, ‘ಗಾಯಾಳುವನ್ನು ಸಾಗಿಸುವ ಗಾಡಿಯನ್ನು ಯಾವ ಪರೀಕ್ಷೆಯ ಮೇಲೆ ಆರಿಸಿದಿರಿ?’ ಎಂದು ಕೇಳುತ್ತಾರಂತೆ. ಅದಕ್ಕೆ ಒಂದು ಕಾಗದ ಬೇಕಿತ್ತು.

“ಎರಡು ಗಾಡಿ ಟ್ರಯಲ್‌ಗೆ ಬರುತ್ತೆ ಸಿಸ್ಟರ್. ನೀವು ನೋಡಿ ಒಂದು ಶೀಟ್ ಬರೆದುಕೊಡಿ. ಸಿಂಪಲ್,” ಎಂದಿದ್ದರು ಎಚ್.ಆರ್. ಮ್ಯಾನೇಜರ್. ದಾವಣಗೆರೆ ಕಡೆಯವರು. ಹಣೆಯಲ್ಲಿ ಮೂರು ಗೆರೆ ವಿಭೂತಿ, ಮೃದು ಮಾತು. ನನಗಿಂತ ಮೂವತ್ತು ವರ್ಷ ಚಿಕ್ಕವರು.

ನನಗೆ ಸಿಂಪಲ್ ಎಂಬ ಕೆಲಸ ಗೊತ್ತಿಲ್ಲ. ನಾನು ಕಲಿತ ವಾರ್ಡಿನಲ್ಲಿ ಜ್ವರ ಅಳೆದರೂ ವೇಳೆ ಬರೆಯಬೇಕಿತ್ತು, ಅಳೆದವರ ಹೆಸರು ಬರೆಯಬೇಕಿತ್ತು. ಹೆಸರಿಲ್ಲದ ಟಿಪ್ಪಣಿಯನ್ನು ನಮ್ಮ ಮೇಟ್ರನ್ ಓದದೆ ಹರಿದು ಹಾಕುತ್ತಿದ್ದರು. ಹಾಗಾಗಿ ಸೋಮವಾರವೇ ಒಂದು ಹಾಳೆಯಲ್ಲಿ ಕೋಷ್ಟಕ ಗೀಚಿಕೊಂಡೆ. ಪ್ರೆಸ್‌ನಿಂದ ಗೇಟಿಗೆ ನಡೆದು ಬರುವ ವೇಳೆ. ಗಾಡಿ ಹತ್ತಿ ಬಾಗಿಲು ಮುಚ್ಚುವ ವೇಳೆ. ಹಿಂದಿನ ಗಲ್ಲಿಯಿಂದ ಮುಖ್ಯರಸ್ತೆ ಮುಟ್ಟುವ ವೇಳೆ. ಆಸ್ಪತ್ರೆ ಬಾಗಿಲು. ಇದನ್ನು ದಿನಕ್ಕೆ ಮೂರು ಸಲ ಮಾಡಬೇಕು: ಬೆಳಗ್ಗೆ, ಹನ್ನೊಂದಕ್ಕೆ, ಸಂಜೆ ಶಿಫ್ಟ್ ಬಿಡುವಾಗ.

ಮಂಗಳವಾರ ಬಂದದ್ದು ಸಣ್ಣ ಕಾರು. ಡ್ರೈವರನ್ನೇ ಗಾಯಾಳು ಮಾಡಿದೆ. ಶೋರೂಮಿನವರು ಗಾಡಿ ಓಡಿಸಿದರು. ಡ್ರೈವರ್ ನಾಗಸಂದ್ರದವನು, ಹತ್ತು ವರ್ಷದಿಂದ ಇಲ್ಲೇ ಇದ್ದಾನೆ. ಸುಮ್ಮನಿರಲು ಬರುವುದಿಲ್ಲ.

“ಯಾವ ಬೆರಳು ಹೋಗಿರೋದು ಸಿಸ್ಟರ್ ನಂದು? ಹೇಳ್ಬಿಡಿ, ಅದಕ್ಕೆ ತಕ್ಕಂಗೆ ಅಳ್ತೀನಿ.”

“ಅಳಬೇಡ. ನಡಿ.”

ಹತ್ತಿ ಬಾಗಿಲು ಮುಚ್ಚಲು ಆರು ಸೆಕೆಂಡು. ಗಲ್ಲಿಯಲ್ಲಿ ಎರಡೂ ಬದಿ ಲಾರಿ ನಿಂತಿದ್ದವು. ನಡುವೆ ಕಾರು ಸರಾಗವಾಗಿ ಹೋಯಿತು. ಆದರೆ ಜಾಲಹಳ್ಳಿ ಕ್ರಾಸಿಗೆ ಮುಂಚೆ ರಸ್ತೆ ಅಗೆದು ಅರೆಬರೆ ಮುಚ್ಚಿದ್ದ ಕಡೆ ಗಾಡಿ ಕೆಳಗೆ ಎರಡು ಸಲ ತಗುಲಿತು. ಪ್ರತಿ ಹಂಪಿನಲ್ಲೂ ಹಿಂದಿನ ಸೀಟಿನಲ್ಲಿದ್ದ ನನ್ನ ಬೆನ್ನುಮೂಳೆ ಲೆಕ್ಕ ಹಾಕಿತು. ಸಂಜೆಯ ಸುತ್ತಿನಲ್ಲಿ ಮಳೆ ಹುಯ್ದು ಮೋರಿ ಉಕ್ಕಿತ್ತು. ಕಾರು ಆ ನೀರಿಗೆ ಇಳಿಯಲಾರದೆ ಸುತ್ತು ಹಾಕಿಕೊಂಡು ಹೋಗಿ ಹನ್ನೊಂದು ನಿಮಿಷ ತಡವಾಯಿತು. ಎಲ್ಲವನ್ನೂ ಬರೆದುಕೊಂಡೆ. ಆ ದಿನ ಮನೆಗೆ ಹೋಗುವಾಗ ನನ್ನ ಮನಸ್ಸಿನಲ್ಲಿ ಎಸ್‌ಯುವಿಯೇ ಇತ್ತು. ಇದನ್ನು ಹೇಳುವುದು ನ್ಯಾಯ.

ಬುಧವಾರ ಅದು ಬಂತು. ಬಿಳಿ ಬಣ್ಣ, ಎತ್ತರದ ಮೂತಿ. ಎಂ.ಡಿ. ತಾವೇ ಹೊರಗೆ ಬಂದು ಅದರ ಬಾನೆಟ್ ಮೇಲೆ ಅಂಗೈ ಇಟ್ಟು ನಿಂತರು. ಕಾರ್ಖಾನೆ ಅವರ ತಂದೆ ಕಟ್ಟಿದ್ದು. “ಸಿಸ್ಟರ್, ಸೇಫ್ಟಿ ವಿಷಯದಲ್ಲಿ ನಾನು ಕಾಂಪ್ರಮೈಸ್ ಮಾಡಲ್ಲ. ಗಟ್ಟಿ ಗಾಡಿನೇ ಇರ್ಲಿ,” ಎಂದು ಒಳಗೆ ಹೋದರು.

ಅವರು ಬಾಗಿಲು ದಾಟಿದ ಮೇಲೆ ಡ್ರೈವರ್ ನನ್ನ ಕಡೆ ವಾಲಿದ. “ಇದು ಹೆಣ್ಣು ನೋಡೋಕೆ ಹೋದಂಗಾಯ್ತು ಸಿಸ್ಟರ್. ದೊಡ್ಡೋರು ಆಗ್ಲೇ ತಾಂಬೂಲ ಬದಲಾಯಿಸ್ಬಿಟ್ಟವ್ರೆ. ನೀವು ನಾನು ಇನ್ನೂ ಜಾತಕ ನೋಡ್ತಾ ಕೂತಿದೀವಿ.”

“ನಿನಗೆ ಹೇಗೆ ಗೊತ್ತು?”

“ಹೋದ ವಾರ ಶೋರೂಮಿಗೆ ಕರ್ಕೊಂಡು ಹೋಗಿದ್ದೇ ನಾನು. ಕಲರ್ ಸೆಲೆಕ್ಟ್ ಮಾಡಿದ್ದು ಸಾಹೇಬ್ರ ಮನೆ ಮೇಡಂ.”

“ಕೆಲಸ ನೋಡು,” ಎಂದೆ. ಆದರೆ ಮಾತು ಒಳಗೆ ಇಳಿದಿತ್ತು.

ಎರಡೂ ಗಾಡಿಗಳ ಉದ್ದ ನಾಲ್ಕು ಮೀಟರಿನ ಒಳಗೇ. ಅಗಲದಲ್ಲಿ ಅಂಗೈಯಷ್ಟು ವ್ಯತ್ಯಾಸ. ಗಲ್ಲಿಯಲ್ಲಿ ಎಸ್‌ಯುವಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನಾನು ಊಹಿಸಿದ್ದು ಸುಳ್ಳಾಯಿತು. ಅಗೆದ ರಸ್ತೆಯಲ್ಲಿ ತಗುಲಲಿಲ್ಲ. ಹಿಂದಿನ ಸಂಜೆಯ ಮೋರಿ ನೀರು ಇನ್ನೂ ನಿಂತಿತ್ತು, ಅದನ್ನೂ ಸಲೀಸಾಗಿ ದಾಟಿತು. ಹಂಪುಗಳಲ್ಲಿ ಕುಲುಕು ಕಡಿಮೆ. ಹತ್ತಿ ಬಾಗಿಲು ಮುಚ್ಚಲು ಆರು ಸೆಕೆಂಡು, ಕಾರಿನಷ್ಟೇ. ಹನ್ನೊಂದರ ಸುತ್ತು ಮುಗಿದಾಗ ನನ್ನ ಕೋಷ್ಟಕದಲ್ಲಿ ಎಸ್‌ಯುವಿಯ ಎದುರು ಒಂದು ಕೆಟ್ಟ ಅಂಕಿಯೂ ಇರಲಿಲ್ಲ.

ಆ ಆರು ಸೆಕೆಂಡು ನನ್ನನ್ನು ಬಿಡಲಿಲ್ಲ. ಊಟಕ್ಕೆ ಮುಂಚೆ ಟೇಪು ತಂದು ಸೀಟಿನ ಎತ್ತರ ಅಳೆದೆ. ನೆಲದಿಂದ ಕಾರಿನದು ಐವತ್ಮೂರು ಸೆಂಟಿಮೀಟರ್, ಇದರದು ಅರವತ್ತೇಳು. ಹದಿನಾಲ್ಕು ಸೆಂಟಿಮೀಟರ್ ಹೆಚ್ಚು ಏರಿದರೂ ಅಷ್ಟೇ ವೇಳೆ ಹೇಗೆ? ಡ್ರೈವರನ್ನು ಕರೆದು ಮತ್ತೊಮ್ಮೆ ಹತ್ತು ಎಂದೆ. ಈ ಸಲ ಗಡಿಯಾರ ನೋಡದೆ ಅವನನ್ನು ನೋಡಿದೆ.

ಅವನ ಬಲಗೈ ತಾನಾಗಿ ಮೇಲೆ ಹೋಗಿ, ಬಾಗಿಲ ಮೇಲಿರುವ ಹಿಡಿಯನ್ನು ಹಿಡಿದು ಮೈಯನ್ನು ಎಳೆದುಕೊಂಡಿತು. ಅವನಿಗೆ ಗೊತ್ತೇ ಇಲ್ಲ. “ನಾನೆಲ್ಲಿ ಹಿಡ್ಕೊಂಡೆ?” ಎಂದು ಕೇಳಿದ.

ನಾನು ಪ್ರತಿ ತಿಂಗಳೂ ಪ್ರೆಸ್‌ನವರಿಗೆ ಹೇಳಿಕೊಡುವ ಪಾಠವನ್ನು ನಾನೇ ಮರೆತಿದ್ದೆ. ಕೈ ಕತ್ತರಿಸಿದರೆ ಗಾಯದ ಮೇಲೆ ಪ್ಯಾಡ್ ಇಟ್ಟು, ಇನ್ನೊಂದು ಕೈಯಿಂದ ಬಿಗಿಯಾಗಿ ಒತ್ತಿ, ಎದೆಗಿಂತ ಮೇಲೆ ಎತ್ತಿ ಹಿಡಿಯಬೇಕು. ಆಸ್ಪತ್ರೆ ಮುಟ್ಟುವವರೆಗೆ ಬಿಡಬಾರದು. ಅಂದರೆ ಗಾಯಾಳುವಿಗೆ ಹಿಡಿಯಲು ಒಂದು ಕೈಯೂ ಇರುವುದಿಲ್ಲ. ಎರಡು ದಿನ ನಾನು ಅಳೆದದ್ದು ಎರಡು ಕೈಯೂ ಸರಿಯಿದ್ದ ಒಬ್ಬ ಗಟ್ಟಿಮುಟ್ಟಾದ ಗಂಡಸನ್ನು.

ನಿಜ ಗೊತ್ತಿದ್ದವನು ಒಬ್ಬನಿದ್ದ. ಗೇಜು ಕೋಣೆಯಲ್ಲಿ ಕೂರುವವನು. ಅಳತೆ ನೋಡುವ ಗೇಜುಗಳನ್ನು ಕೊಟ್ಟು ತೆಗೆದುಕೊಳ್ಳುವುದು ಅವನ ಕೆಲಸ. ರಾಯಚೂರು ಕಡೆಯವನು, ನಲವತ್ತರ ಹತ್ತಿರದ ವಯಸ್ಸು. ಹಿಂದಿನ ದೀಪಾವಳಿಯ ವಾರ, ಎರಡನೇ ಶಿಫ್ಟಿನಲ್ಲಿ, ಸಂಜೆ ಏಳರ ಹೊತ್ತಿಗೆ ಪ್ರೆಸ್ ಅವನ ಎಡಗೈಯ ಎರಡು ಬೆರಳು ತೆಗೆದುಕೊಂಡಿತ್ತು. ಜೋಡಿಸಲು ಆಗಲಿಲ್ಲ. ನನ್ನದು ಹಗಲಿನ ಪಾಳಿ. ನಾನು ಹೊರಟು ಹೋಗಿದ್ದೆ. ಅವನು ಗುತ್ತಿಗೆ ಕೆಲಸಗಾರ. ಗುತ್ತಿಗೆದಾರ ಆರು ತಿಂಗಳಿಗೊಮ್ಮೆ ಹೆಸರುಗಳ ಪಟ್ಟಿ ಹೊಸದು ಮಾಡುತ್ತಾನೆ. ಆ ಪಟ್ಟಿ ಈ ತಿಂಗಳ ಕೊನೆಗೆ ಬರುವುದಿತ್ತು. ಇದು ನನಗೆ ಗೊತ್ತಿತ್ತು.

ಅವನನ್ನು ಕರೆತಂದು ಗಾಡಿಯ ಪಕ್ಕ ನಿಲ್ಲಿಸಿದೆ. ಎಡಗೈಗೆ ಪ್ಯಾಡ್ ಕಟ್ಟಿ, ಬಲಗೈಯಿಂದ ಒತ್ತಿ ಎತ್ತಿ ಹಿಡಿ ಎಂದೆ. “ಈಗ ಹತ್ತು.”

ಬಲಗಾಲು ಮೇಲಿಟ್ಟ. ಮೈ ಏಳಲಿಲ್ಲ. ಹಿಂದಕ್ಕೆ ಸರಿದು, ಭುಜವನ್ನು ಬಾಗಿಲ ಕಂಬಕ್ಕೆ ಒತ್ತಿ ಇನ್ನೊಮ್ಮೆ ಯತ್ನಿಸಿದ. ಮೂರನೇ ಸಲ ಬಲಗೈ ಪ್ಯಾಡನ್ನು ಬಿಟ್ಟು ಹಿಡಿಯ ಕಡೆ ಹೋಯಿತು. ಅಲ್ಲೇ ನಿಂತುಬಿಟ್ಟ.

“ಏರಬೇಕಂದ್ರ ಒಂದು ಕೈ ಬಿಡಬೇಕ್ರಿ ಸಿಸ್ಟರ,” ಎಂದ. “ಅವತ್ತೂ ಹಿಂಗ ಆತು. ಬಿಟ್ಟ ಕೂಡ್ಲೇ ರಕ್ತ ಚಿಲ್ ಅಂತ ಬಂತು. ಕಣ್ಣಿಗೆ ಕತ್ತಲಿ ಬಂದು ಕೆಳಗ ಬಿದ್ದೆ. ಮತ್ತ ನೀರು ಹೊಡದು, ಎಬ್ಬಿಸಿ, ಕಟ್ಟಿ, ಹೊತ್ತು ಹಾಕೂದ್ರಾಗ ಇಪ್ಪತ್ತು ಮಿನಿಟ ಹೋತು.”

“ಯಾವ ಗಾಡಿ? ವ್ಯಾನ್ ಇಷ್ಟು ಎತ್ತರ ಇರಲಿಲ್ಲವಲ್ಲ.”

“ವ್ಯಾನ್ ಎಲ್ಲಿತ್ರಿ. ಅದು ಯಾರೋ ಗೆಸ್ಟ್ ತರಾಕ ಏರ್‌ಪೋರ್ಟಿಗೆ ಹೋಗಿತ್ತು. ಮಾಲು ಇಳಸಾಕ ಬಂದಿದ್ದ ಸಪ್ಲೈಯರ್‌ದು ಜೀಪು ಅದು. ಇದಕ್ಕಿಂತ ಎತ್ತರ.”

ಡ್ರೈವರ್ ಆ ಹೊತ್ತಿಗೆ ಗಾಡಿಯ ಟೈರು ನೋಡುತ್ತಿದ್ದ. ಅಂದು ವ್ಯಾನ್ ಓಡಿಸಿದವನು ಅವನೇ ಎಂದು ಯಾರೂ ಹೇಳಬೇಕಿರಲಿಲ್ಲ.

ಗೇಜು ಕೋಣೆಯವನನ್ನು ಸಣ್ಣ ಕಾರಿನಲ್ಲೂ ಪರೀಕ್ಷಿಸಬೇಕಿತ್ತು. ಶೋರೂಮಿಗೆ ಫೋನು ಮಾಡಿ, ಸಂಜೆ ಅರ್ಧ ಗಂಟೆಗೆ ಕಾರನ್ನು ಮತ್ತೆ ತರಿಸಿದೆ. ಪ್ಯಾಡ್ ಒತ್ತಿಕೊಂಡೇ ಬಾಗಿಲಿಗೆ ಬೆನ್ನು ಮಾಡಿ, ಕುರ್ಚಿಗೆ ಕೂತ ಹಾಗೆ ಕೂತ. ಕಾಲು ಒಳಗೆಳೆದುಕೊಂಡ. ಕೈ ಎದೆಯ ಮೇಲೇ ಇತ್ತು. ಒಂಬತ್ತು ಸೆಕೆಂಡು. ಮೂರು ಸಲ ಮಾಡಿಸಿದೆ. ಒಂಬತ್ತು, ಒಂಬತ್ತು, ಎಂಟು. ಎಸ್‌ಯುವಿಗೆ ಇಬ್ಬರು ಎತ್ತಿ ಹಾಕಿದರೂ ನಲವತ್ತರ ಮೇಲೆ, ಅದರಲ್ಲೂ ಪ್ಯಾಡ್ ಜಾರುತ್ತಿತ್ತು.

“ಇದನ್ನ ಯಾರು ಕೇಳ್ತಾರ್ರಿ ಸಿಸ್ಟರ,” ಎಂದ ಹೋಗುವಾಗ.

“ಬರೆದರೆ ಕೇಳುತ್ತಾರೆ,” ಎಂದೆ. ನಂಬಿಯೇ ಹೇಳಿದೆ.

ಗುರುವಾರ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಕೂತು ಶೀಟ್ ಬರೆದೆ. ರಸ್ತೆ, ನೀರು, ಕುಲುಕು, ಈ ಮೂರರಲ್ಲೂ ಎಸ್‌ಯುವಿ ಮೇಲು ಎಂದು ಮೊದಲೇ ಬರೆದೆ. ಮಲಗಿಸಿ ಒಯ್ಯಬೇಕಾದ ಗಾಯಕ್ಕೆ ಎರಡೂ ಆಗದು, ಆಂಬ್ಯುಲೆನ್ಸೇ ಬೇಕು ಎಂದು ಬರೆದೆ. ಕೈ ಗಾಯಕ್ಕೆ, ಅಂದರೆ ನಮ್ಮಲ್ಲಿ ನಿಜವಾಗಿ ಆಗುವ ಗಾಯಕ್ಕೆ, ಸಣ್ಣ ಕಾರೇ ಸರಿ. ಕಾರಣ, ಅಳತೆ, ವೇಳೆ ಎಲ್ಲ ಕೊಟ್ಟೆ. ಅದರ ಕೆಳಗೆ ಅವನು ಹೇಳಿದ ಮಾತನ್ನು, ವ್ಯಾನ್ ಏರ್‌ಪೋರ್ಟಿಗೆ ಹೋಗಿದ್ದು ಸೇರಿಸಿ, ಹೇಳಿದ ಹಾಗೇ ಬರೆದೆ. ಹೇಳಿದವನ ಹಾಜರಿ ಕಾರ್ಡಿನ ಟೋಕನ್ ನಂಬರ್ ಬರೆದೆ. ಶಿಫಾರಸು: ಸಣ್ಣ ಕಾರು ತೆಗೆದುಕೊಳ್ಳುವುದು, ಶಿಫ್ಟ್ ನಡೆಯುವಾಗ ಅದು ಗೇಟು ಬಿಟ್ಟು ಹೋಗಕೂಡದು, ಅತಿಥಿಗಳಿಗೆ ಬಾಡಿಗೆ ಗಾಡಿ ಕರೆಸುವುದು. ಸಹಿ, ದಿನ, ವೇಳೆ.

ಟೋಕನ್ ನಂಬರ್ ಬರೆಯುವಾಗ ಕೈ ತಡೆಯಲಿಲ್ಲ. ಅದು ನನ್ನ ಅಭ್ಯಾಸ. ಒಂದು ಕ್ಷಣವೂ ಯೋಚಿಸಲಿಲ್ಲ. ಈ ಬರಹದಲ್ಲಿ ಬೇರೆಯವರ ಮೇಲೆ ಹೇಳುವುದು ಬಹಳ ಇದೆ, ಆದರೆ ಮೊದಲ ತಪ್ಪು ನನ್ನದು.

ಶುಕ್ರವಾರ ಮೂರು ಗಂಟೆಗೆ ಎಚ್.ಆರ್. ಮ್ಯಾನೇಜರ್ ಕರೆಸಿದರು. ಬಾಗಿಲು ತಾವೇ ಎದ್ದು ಮುಚ್ಚಿದರು. ನನ್ನ ಶೀಟ್ ಅವರ ಮುಂದಿತ್ತು. ಪಕ್ಕದಲ್ಲಿ ಇನ್ನೊಂದು ಹಳೆಯ ಕಾಗದ.

“ಸಿಸ್ಟರ್, ಎಕ್ಸಲೆಂಟ್ ವರ್ಕ್. ನಿಜವಾಗ್ಲೂ. ಆದ್ರೆ ಒಂದು ಪ್ರಾಬ್ಲಮ್ ಇದೆ.” ಹಳೆಯ ಕಾಗದವನ್ನು ನನ್ನ ಕಡೆ ತಿರುಗಿಸಿದರು. ದೀಪಾವಳಿಯ ಅಪಘಾತದ ವರದಿ. ಕೊಳ್ಳುವ ಕಂಪನಿಗೆ ಕಳಿಸಿದ್ದರ ಪ್ರತಿ. ‘ಕಾರ್ಖಾನೆಯ ವಾಹನ ಗೇಟಿನಲ್ಲಿ ಸಿದ್ಧವಿತ್ತು. ಗಾಯಾಳುವನ್ನು ಕೂಡಲೇ ಸಾಗಿಸಲಾಯಿತು.’

ಎರಡು ಸಲ ಓದಿದೆ.

“ಇದನ್ನು ಬರೆದವರು ಯಾರು?”

“ಅದು ಈಗ ಮುಖ್ಯ ಅಲ್ಲ ಸಿಸ್ಟರ್. ನಿಮ್ಮ ಶೀಟ್ ಫೈಲಿಗೆ ಹೋದ್ರೆ ಆಡಿಟರ್ ಎರಡೂ ನೋಡ್ತಾರೆ. ಒಂದು ಸುಳ್ಳು ಅಂತ ಆಗುತ್ತೆ. ಆರ್ಡರ್ ಹೋದ್ರೆ ಒಬ್ಬನ ಕೆಲ್ಸ ಅಲ್ಲ ಹೋಗೋದು. ಬೇರೆ ಒಂದು ಶೀಟ್ ಬರೆದುಕೊಡಿ. ಗೇಜ್ ರೂಮಿನವನ ಸ್ಟೇಟ್‌ಮೆಂಟ್ ಬೇಡ. ಟೈಮಿಂಗ್ಸ್ ಸಾಕು.”

“ಅವನ ಮಾತು ತೆಗೆದರೆ ಟೈಮಿಂಗ್ ಸುಳ್ಳಾಗುತ್ತದೆ. ಗಾಡಿ ತಪ್ಪಾಗುತ್ತದೆ.”

“ಗಾಡಿ ಬುಕ್ ಆಗಿದೆ ಸಿಸ್ಟರ್,” ಎಂದರು, ನನ್ನನ್ನು ನೋಡದೆ.

“ಹಾಗಾದರೆ ನನ್ನ ಶೀಟ್ ಯಾಕೆ ಬೇಕಿತ್ತು?”

ಅವರು ಹಳೆಯ ಕಾಗದವನ್ನು ಮತ್ತೆ ಫೈಲಿಗೆ ಸೇರಿಸಿದರು. ನಾನು ಎದ್ದೆ. ಒಮ್ಮೆ ಸಹಿ ಹಾಕಿದ ಶೀಟನ್ನು ನಾನು ಈವರೆಗೆ ಬದಲಾಯಿಸಿಲ್ಲ, ಇನ್ನು ಮುಂದೆಯೂ ಬದಲಾಯಿಸುವುದಿಲ್ಲ ಎಂದು ಹೇಳಿ ಬಂದೆ. ಹೇಳುವಾಗ ಬೆನ್ನು ನೆಟ್ಟಗಿತ್ತು. ನನಗೆ ನನ್ನ ಮೇಲೆ ಸಂತೋಷವೂ ಆಗಿತ್ತು. ಅದನ್ನು ನೆನೆದರೆ ಇವತ್ತು ನಾಚಿಕೆಯಾಗುತ್ತದೆ.

ಶನಿವಾರ ಬೆಳಗ್ಗೆ ಗೇಜು ಕೋಣೆಯ ಕಿಟಕಿಯಲ್ಲಿ ಬೇರೆ ಮುಖ ಇತ್ತು. ಸೆಕ್ಯುರಿಟಿಯನ್ನು ಕೇಳಿದೆ. “ಕಂಟ್ರಾಕ್ಟರ್ ಬಂದು ಕಾರ್ಡ್ ಈಸ್ಕೊಂಡು ಹೋದ ಸಿಸ್ಟರ್. ಪಟ್ಟೀಲಿ ಹೆಸರಿಲ್ಲವಂತೆ. ಆಚೆ ಟೀ ಅಂಗಡಿ ತಾವ ಕುಂತವ್ನೆ.”

ತಿಂಗಳ ಕೊನೆಗೆ ಇನ್ನೂ ಎರಡು ವಾರವಿತ್ತು. ಪಟ್ಟಿ ಬೇಗ ಬಂದಿತ್ತು.

ರಸ್ತೆ ದಾಟಿ ಹೋದೆ. ಅವನು ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ. ಅದುವರೆಗೆ ನಾನು ಹೋದಾಗೆಲ್ಲ ಏಳುತ್ತಿದ್ದ.

“ನಾ ನಿಮಗ ಹೇಳಿದ್ದೆ ಅಷ್ಟರಿ. ಬರೀರಿ ಅಂದಿದ್ನೇನ್ರಿ?”

“ಬರೆಯದಿದ್ದರೆ ಅದು ಗಾಳಿಮಾತಾಗುತ್ತದೆ.”

“ಆಗ್ಲಿ ಬಿಡ್ರಿ. ಗಾಳಿಗೇನು ನಂಬರ್ ಐತೇನು?” ಟೀ ಲೋಟವನ್ನು ಬಲಗೈಯಿಂದ ಬೆಂಚಿನ ಮೇಲೆ ಇಟ್ಟ. “ನೀವು ಓದಿದವ್ರು, ದೊಡ್ಡವ್ರು. ನಿಮ್ಮನ್ನ ಯಾರೂ ಏನೂ ಅನ್ನಂಗಿಲ್ಲ. ಈ ಕೈ ತಗೊಂಡು ನಾ ಎಲ್ಲಿ ಹೋಗ್ಲಿ? ಪೀಣ್ಯದಾಗ ಯಾವ ಗೇಟಿಗೆ ಹೋದ್ರೂ ಮೊದ್ಲು ಕೈ ತೋರ್ಸು ಅಂತಾರ. ಗೇಜ್ ಕೊಡೂದು ಒಂದು ಕೆಲ್ಸ ಇತ್ತು, ಈ ಕೈಗೆ ಹೊಂದೂದು. ಅದೂ ನಿಮ್ಮ ಪೆನ್ನಿಗೆ ಹೋತು.”

ಬೆಂಚಿನ ಇನ್ನೊಂದು ತುದಿಗೆ ಕೂತೆ. ಸರಿಯಾದದ್ದನ್ನು ಸರಿಯಾದ ರೀತಿಯಲ್ಲಿ ಬರೆದಿದ್ದೆ, ನಿಜ. ಆದರೆ ಅದರ ಬೆಲೆ ಬಿದ್ದದ್ದು ನನ್ನ ಮೇಲಲ್ಲ. ಅವನ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಮಗಳು ಒಂಬತ್ತನೇ ತರಗತಿ. ಇಬ್ಬರೂ ದೀಪಾವಳಿಯ ನಂತರ ಅವನ ಬ್ಯಾಂಡೇಜು ಬದಲಾಯಿಸಲು ಕಲಿಯಲೆಂದು ನನ್ನ ಕೋಣೆಗೆ ಬಂದಿದ್ದರು.

ಭಾನುವಾರ ಇಡೀ ದಿನ ಲೆಕ್ಕ ಹಾಕಿದೆ. ಶೀಟನ್ನು ಹಾಗೇ ಉಳಿಸಿದರೆ ಏನಾಗುತ್ತದೆ? ಅದು ಫೈಲಿಗೆ ಹೋಗುವುದಿಲ್ಲ. ಎಸ್‌ಯುವಿ ಬುಕ್ ಆಗಿಯೇ ಇದೆ. ಅವನು ಹೊರಗೆ. ನಾನು ಮಾತ್ರ ಸತ್ಯವಂತಳು. ಬದಲಾಯಿಸಿದರೆ? ಎಸ್‌ಯುವಿಯೇ ಬರುತ್ತದೆ. ಅವನು ಒಳಗೆ. ಮುಂದೆ ಒಂದು ಕೈ ಆ ಎತ್ತರವನ್ನು ಏರಲಾರದೆ ಪ್ಯಾಡ್ ಬಿಟ್ಟರೆ, ಅದಕ್ಕೆ ಮುಂಚೆಯೇ ನನ್ನ ಸಹಿ ಬಿದ್ದಿರುತ್ತದೆ. ನಾನೇ ನೇರವಾಗಿ ಕೊಳ್ಳುವ ಕಂಪನಿಗೆ ಬರೆಯಬಹುದು ಎಂದೂ ಯೋಚಿಸಿದೆ. ಆಗ ಅವರು ಮೊದಲು ಕರೆದು ವಿಚಾರಿಸುವುದು ಟೋಕನ್ ನಂಬರಿನವನನ್ನೇ. ನನ್ನ ಸತ್ಯಕ್ಕೆ ಅವನು ಇನ್ನೊಮ್ಮೆ ಬಲಿಯಾಗಬೇಕು.

ಸೋಮವಾರ ಒಂಬತ್ತಕ್ಕೆ ಎಚ್.ಆರ್. ಮ್ಯಾನೇಜರ್ ಕೋಣೆಗೆ ಹೋದೆ. ನಿಂತೇ ಮಾತಾಡಿದೆ.

“ಅವನ ಕಾರ್ಡ್ ಅವನ ಕೈಗೆ ಬರಲಿ. ಗೇಜು ಕೋಣೆಯಲ್ಲಿ ಕೂತದ್ದನ್ನು ನಾನು ಕಣ್ಣಾರೆ ನೋಡಬೇಕು. ಆಮೇಲೆ ಶೀಟ್.”

“ಅದು ಕಂಟ್ರಾಕ್ಟರ್ ಡಿಸಿಷನ್ ಸಿಸ್ಟರ್, ನಮಗೂ ಅದಕ್ಕೂ…”

“ಅವರಿಗೆ ಫೋನು ಮಾಡಿ. ನಾನು ಹೊರಗೆ ಕಾಯುತ್ತೇನೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮನುಷ್ಯ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. “ಇನ್ನೇನಾದ್ರೂ ಇದೆಯಾ?” ಎಂದು ಕೇಳಿದರು.

“ಶಿಫ್ಟ್ ನಡೆಯುವಾಗ ಗಾಡಿ ಗೇಟು ಬಿಡಕೂಡದು. ಆ ಸಾಲು ಉಳಿಯಬೇಕು.”

“ಅದು ಇರ್ಲಿ. ಅದು ಒಳ್ಳೇದೇ. ಆಡಿಟರ್‌ಗೂ ಖುಷಿ ಆಗುತ್ತೆ.”

ಮಧ್ಯಾಹ್ನ ಎರಡಕ್ಕೆ ಅವನು ಕಿಟಕಿಯ ಹಿಂದೆ ಕೂತಿದ್ದ. ನನ್ನನ್ನು ನೋಡಿ ಗೇಜುಗಳ ಟ್ರೇಯನ್ನು ಒರೆಸತೊಡಗಿದ. ಎರಡೂವರೆಗೆ ನಾನು ಎರಡನೇ ಶೀಟ್ ಬರೆದೆ. ‘ಎರಡೂ ಗಾಡಿಗಳಲ್ಲಿ ಹತ್ತಿ ಬಾಗಿಲು ಮುಚ್ಚಲು ಆರು ಸೆಕೆಂಡು. ರಸ್ತೆ, ನೀರು, ಕುಲುಕಿನ ದೃಷ್ಟಿಯಿಂದ ಎಸ್‌ಯುವಿ ಮೇಲು.’ ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆರು ಸೆಕೆಂಡು ನಾನೇ ಅಳೆದದ್ದು. ಯಾರ ಕೈ ಎಲ್ಲಿತ್ತು ಎಂದು ಮಾತ್ರ ಬರೆಯಲಿಲ್ಲ. ಸುಳ್ಳು ಬರೆದಿದ್ದರೆ ಕಡಿಮೆ ಹೇಸಿಗೆಯಾಗುತ್ತಿತ್ತೇನೋ. ಮೊದಲ ಶೀಟನ್ನು ಎಚ್.ಆರ್. ಮ್ಯಾನೇಜರ್ ನನ್ನೆದುರೇ ಚೂರು ಮಾಡುವ ಯಂತ್ರಕ್ಕೆ ಹಾಕಿದರು. ಸಹಿ ಇದ್ದ ತುದಿ ಕೊನೆಗೆ ಹೋಯಿತು.

ಗಾಡಿ ಬಂದದ್ದು ಜುಲೈ ಮೊದಲ ಶುಕ್ರವಾರ, ಹತ್ತೂವರೆಗೆ. ಹೂವಿನ ಹಾರ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಗೇಟಿನ ಎದುರು ಈಡುಗಾಯಿ. ಎಂ.ಡಿ. ನನ್ನನ್ನು ಕರೆದು ಪ್ರಸಾದದ ಲಾಡು ಕೊಟ್ಟು, “ನಿಮ್ಮ ಸೆಲೆಕ್ಷನ್ ಸಿಸ್ಟರ್,” ಎಂದರು. ಕೊಂಕು ಇರಲಿಲ್ಲ. ಅವರು ಎರಡನೇ ಶೀಟನ್ನಷ್ಟೇ ಓದಿದ್ದರು ಎಂದು ನನಗೆ ಆಗ ಅನಿಸಿತು. ಮೊದಲನೆಯದರ ಸುದ್ದಿ ಅವರವರೆಗೆ ಹೋಗಿತ್ತೋ ಇಲ್ಲವೋ ಈಗಲೂ ತಿಳಿಯದು. ಲಾಡನ್ನು ಸೆಕ್ಯುರಿಟಿಗೆ ಕೊಟ್ಟೆ.

ಗಾಡಿ ಬದಲಾಗುವುದಿಲ್ಲ ಎಂದಾದ ಮೇಲೆ ಉಳಿದದ್ದು ಒಂದೇ ಕೆಲಸ: ಹಿಡಿಯಲು ಕೈಯಿಲ್ಲದವನನ್ನು ಆ ಎತ್ತರಕ್ಕೆ ಎತ್ತಿ ಕೂರಿಸಲು ಜನರಿಗೆ ಕಲಿಸುವುದು. ಅವತ್ತೇ ನಾಲ್ಕು ಗಂಟೆಗೆ ಅಭ್ಯಾಸ ಇಟ್ಟೆ. ಸೆಕ್ಯುರಿಟಿ ಒಬ್ಬರು. ಇನ್ನೊಬ್ಬರು ಬೇಕಿತ್ತು. ಪ್ರೆಸ್ ನಿಲ್ಲಿಸಿ ಜನ ಕೊಡಲು ಶಾಪಿನ ಮೇಲ್ವಿಚಾರಕರು ಒಪ್ಪಲಿಲ್ಲ. ನಾನು ಗೇಜು ಕೋಣೆಯ ಮುಂದೆ ಎರಡು ಸಲ ಹೋಗಿ ಬಂದೆ, ಕೇಳಲಿಲ್ಲ. ಮೂರನೇ ಸಲ ಅವನೇ ಕಿಟಕಿ ಎಳೆದು ಬೀಗ ಹಾಕಿ ಹೊರಗೆ ಬಂದ. “ನಡೀರಿ,” ಎಂದ. ಅಷ್ಟೇ.

ಗಾಯಾಳು ನಾನೇ ಆದೆ. ಇಬ್ಬರು ತಮ್ಮ ನಾಲ್ಕು ಕೈಗಳನ್ನು ಹೆಣೆದು ಕುರ್ಚಿ ಮಾಡಿ ಒಬ್ಬರನ್ನು ಕೂರಿಸಿ ಎತ್ತುವ ಕ್ರಮ ಇದೆ. ಅದನ್ನು ಹೇಳಿಕೊಟ್ಟು, ಗಾಡಿಯ ಬಾಗಿಲು ತೆಗೆಸುವಷ್ಟರಲ್ಲಿ ಡ್ರೈವರ್ ಫೋನು ಕಿವಿಗಿಟ್ಟುಕೊಂಡು ಬಂದ.

“ಸಾರಿ ಸಿಸ್ಟರ್. ಏರ್‌ಪೋರ್ಟಿಗೆ ಹೋಗ್ಬೇಕು. ಗೆಸ್ಟ್ ಬರ್ತಾವ್ರಂತೆ.”

“ಶಿಫ್ಟ್ ನಡೆಯುತ್ತಿದೆ. ಗಾಡಿ ಗೇಟು ಬಿಡಕೂಡದು ಎಂದು ಬರೆದಿದೆ.”

“ಬರ್ದಿರೋದು ನನಗೂ ಗೊತ್ತು. ಹೇಳ್ದೆ ಕೂಡ. ‘ಇವತ್ತೊಂದಿನ’ ಅಂದ್ರು.” ಅವನು ನನ್ನ ಮುಖ ನೋಡಲಿಲ್ಲ. ಗೇಜು ಕೋಣೆಯವನ ಮುಖವನ್ನಂತೂ ನೋಡಲೇ ಇಲ್ಲ. ಹಾರವನ್ನು ಕನ್ನಡಿಯಿಂದ ಸರಿಸಿ ಹೊರಟ. ನಿಂಬೆಹಣ್ಣಿನ ಚಪ್ಪಟೆ ಸಿಪ್ಪೆ ಗೇಟಿನಲ್ಲಿ ಉಳಿಯಿತು.

ಸೆಕ್ಯುರಿಟಿ ಟೋಪಿ ತೆಗೆದು ತಲೆ ಕೆರೆದುಕೊಂಡರು. “ಹಂಗಾದ್ರೆ ನಾಳೆ ಮಾಡನಾ ಸಿಸ್ಟರ್?”

ಮಾಲು ಇಳಿಸುವ ಜಾಗದಲ್ಲಿ ಒಂದು ಟೆಂಪೊ ನಿಂತಿತ್ತು. ಅದರ ಕ್ಯಾಬಿನ್ ನನ್ನ ಸೊಂಟಕ್ಕಿಂತ ಎತ್ತರ. ಇಂಥ ಸಂಜೆಯಲ್ಲಿ ಪ್ರೆಸ್ ಯಾರದಾದರೂ ಕೈ ತೆಗೆದುಕೊಂಡರೆ ಸಿಗುವುದು ಇದೇ. ಅದರ ಡ್ರೈವರನ್ನು ಕೇಳಿ ಬಾಗಿಲು ತೆಗೆಸಿದೆ.

ಮೊದಲ ಸಲ ನಾನು ಜಾರಿದೆ. ಗೇಜು ಕೋಣೆಯವನ ಎಡಗೈಗೆ ಸೆಕ್ಯುರಿಟಿಯ ಮಣಿಕಟ್ಟಿನ ಮೇಲೆ ಹಿಡಿತ ಸಿಗುತ್ತಿರಲಿಲ್ಲ. ಎರಡು ಬೆರಳಿನ ಜಾಗದಲ್ಲಿ ಸಂದು. ಎರಡನೇ ಸಲವೂ ಹಾಗೇ. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, “ಬ್ಯಾರೆಯವ್ರನ್ನ ಕರೀರಿ,” ಎಂದ.

ಕ್ರಮ ಬದಲಾಯಿಸಿದೆ. ಮೂರು ಕೈಯ ಕುರ್ಚಿ: ಸೆಕ್ಯುರಿಟಿಯ ಎರಡು ಕೈ, ಇವನ ಬಲಗೈ. ಹಾಗೆ ಮಾಡಿದರೆ ಇವನ ಎಡಗೈ ಬಿಡುವಾಗುತ್ತದೆ. ಅದು ಗಾಯಾಳುವಿನ ಬೆನ್ನಿಗೆ. ಬೆನ್ನಿಗೆ ಬೇಕಾದದ್ದು ಅಂಗೈ, ಬೆರಳಲ್ಲ. ಗಾಯಾಳು ಯಾರ ಕುತ್ತಿಗೆಯನ್ನೂ ಹಿಡಿಯಲಾರನಾದ್ದರಿಂದ ಆ ಅಂಗೈ ಇಲ್ಲದಿದ್ದರೆ ಹಿಂದಕ್ಕೆ ಬೀಳುತ್ತಾನೆ. ನಾನು ಎಡಗೈಗೆ ಪ್ಯಾಡ್ ಇಟ್ಟು, ಬಲಗೈಯಿಂದ ಒತ್ತಿ, ಎದೆಗಿಂತ ಮೇಲೆ ಎತ್ತಿ ಹಿಡಿದು ಕೂತೆ.

ಎತ್ತಿದರು. ಹಿಡಿಯಲು ಏನೂ ಇಲ್ಲದೆ ನೆಲ ಬಿಡುವುದು ಹೇಗಿರುತ್ತದೆ ಎಂದು ಅರವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ತಿಳಿಯಿತು. ಮೈ ಹಿಂದಕ್ಕೆ ವಾಲಿತು. ಬೆನ್ನ ಮೇಲಿನ ಅಂಗೈ ಅಲುಗಲಿಲ್ಲ. ಪ್ಯಾಡ್ ಜಾರಲಿಲ್ಲ. ಕ್ಯಾಬಿನ್ ಸೀಟಿನ ಮೇಲೆ ಕೂತಿದ್ದೆ.

“ಹಗುರ ಅದೀರಿ ನೀವು,” ಎಂದ ಅವನು, ಉಸಿರು ಬಿಡುತ್ತ. “ಪ್ರೆಸ್‌ನವ್ರು ಹಿಂಗಿರಂಗಿಲ್ಲ.”

ನಿಜ. ಟೆಂಪೊದಿಂದ ಇಳಿದು, ನನ್ನ ಜಾಗದಲ್ಲಿ ಟೆಂಪೊ ಡ್ರೈವರನ್ನೇ ಕೂರಿಸಿದೆ. ಎಂಬತ್ತು ಕಿಲೋಗೆ ಕಡಿಮೆಯಿಲ್ಲದ ಆಳು. ಮೂರು ಸಲ ಎತ್ತಿಸಿದೆ. ಮೂರನೆಯದು ಪ್ಯಾಡ್ ಬಿಡದೆ ಹದಿನೇಳು ಸೆಕೆಂಡಿಗೆ ಮುಗಿಯಿತು. ಐದು ಗಂಟೆ ಇಪ್ಪತ್ತು ನಿಮಿಷ. ಅವನು ಗೇಜು ಕೋಣೆಗೆ ಹೋದ. ನಾನು ಟೆಂಪೊ ಡ್ರೈವರಿನ ಕೈಯ ಪ್ಯಾಡ್ ಬಿಚ್ಚಿ, ಪಟ್ಟಿಯನ್ನು ಸುತ್ತಿ ಪೆಟ್ಟಿಗೆಗೆ ಹಾಕಿ, ಕೋಣೆಯ ಬಾಗಿಲು ಮುಚ್ಚಿದೆ.